ಸಬ್‌ವೂಫರ್ ಮೇಸ್ತ್ರಿ

ಕಂಪನಿ ಸ್ಟೀರಿಯೋ ಸಪ್ಪೆ ಎಂದು ಕಾರು ತಂದವರಿಗೆಲ್ಲ ಸಬ್‌ವೂಫರ್ ಮೇಸ್ತ್ರಿಯ ಉತ್ತರ ಒಂದೇ: “ಸೆಟ್ಟು ಹಾಗೇ ಇರ್ಲಿ, ಅದಕ್ಕೆ ಉಸಿರು ತುಂಬ್ತೀನಿ.” ಸೀಟಿನಡಿ ಆಂಪ್ಲಿಫೈಯರ್, ಡಿಕ್ಕಿಯಲ್ಲಿ ಎರಡು ಸಬ್‌ವೂಫರ್ ಕೂರಿಸಿ, ಬ್ಯಾಟರಿಯ ತಂತಿಯನ್ನು ಒಂದು ಪಕ್ಕಕ್ಕೂ ಹಾಡಿನ ತಂತಿಯನ್ನು ಇನ್ನೊಂದು ಪಕ್ಕಕ್ಕೂ ಎಳೆಯುತ್ತಾನೆ, ಅತ್ತೆ ಸೊಸೆಯರಂತೆ ಅವೆರಡೂ ಹತ್ತಿರವಾದರೆ ಗೊಣಗಾಟ ಶುರುವಂತೆ. ಆಮೇಲೆ ಹಾಡು ಹಾಕಿ, ಡಿಕ್ಕಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾನೆ. ಎದುರುಮನೆಯ ಕಿಟಕಿ ನಡುಗಿದರೂ ಅವನಿಗೆ ಸಾಲದು. ಆಗ ಹೆಂಡತಿ ಬಂದು, ಅವನ ಮುಖದೆದುರೇ ನಿಂತು, ಗಿರಾಕಿಯತ್ತ ಕೈ ತೋರಿಸಿ ಕಿರುಚುತ್ತಾಳೆ: “ಏನ್ರೀ, ಇವರು ಸೌಂಡ್ ಕಮ್ಮಿ ಮಾಡಿ ಅಂತಿದಾರೆ!” “ಮನೇಲೇ ಇಂಥಾ ಸ್ಪೀಕರ್ ಇಟ್ಕೊಂಡು ಅಂಗಡಿ ಯಾಕೆ ಮೇಸ್ತ್ರಿ?” ಎಂದು ಗಿರಾಕಿ ನಗುತ್ತಾನೆ. ಅವಳೂ ನಗುತ್ತಾಳೆ. ಮೇಸ್ತ್ರಿಗೆ ಕಿವಿ ಕೇಳಿಸದೆಂದು ಗೊತ್ತಾದರೆ ಒಂದು ಕಾರೂ ಅಂಗಡಿಯತ್ತ ತಿರುಗದು. ಮದುವೆಯಾಗಿ ಬಂದಾಗ ಅವಳ ಮಾತು ಪಕ್ಕದ ಕೋಣೆಗೂ ಕೇಳುತ್ತಿರಲಿಲ್ಲ.