ಇಲ್ಲದ ಕಾಯಿಲೆಗೊಂದು ಹರಕೆ

"ತಕಳಪ್ಪ, ಮುತ್ತತ್ತಿ ಆಂಜನೇಯನ ಪ್ರಸಾದ. ನಿನ್ ಉಸ್ರಾಟ ಸರಿಯಾಗ್ಲಿ ಅಂತ ಅರಕೆ ಕಟ್ಕಂಡಿದ್ದೆ" ಎಂದು ಪಕ್ಕದ ಮನೆಯ ಪುಟ್ಟಮ್ಮ ನನ್ನ ಕೈಗೆ ತೆಂಗಿನಕಾಯಿ ಹೋಳು ಇಟ್ಟಾಗ ನಾನು ಬೆಪ್ಪಾದೆ. ನನ್ನ ಉಸಿರಾಟಕ್ಕೆ ಏನೂ ಆಗಿರಲಿಲ್ಲ.

ಹಳ್ಳಿಯ ಬದುಕೇ ಬೇಕೆಂದು ಹಟ ಮಾಡಿ ನಿಡಘಟ್ಟದ ಹತ್ತಿರ ಬಾಡಿಗೆ ಮನೆ ಹಿಡಿದು ಆಗ ಆರು ತಿಂಗಳಾಗಿತ್ತು. ಬೆಂಗಳೂರಿನ ಕಚೇರಿಗೆ ದಿನವೂ ಮದ್ದೂರಿನಿಂದ ರೈಲಿನಲ್ಲಿ, ಹೆಚ್ಚಾಗಿ ನಿಂತುಕೊಂಡೇ ಹೋಗಿಬರುತ್ತಿದ್ದೆ. ಭಾನುವಾರ ಮಾತ್ರ ಗದ್ದೆಯ ಎದುರು ಕುರ್ಚಿ ಹಾಕಿ, ಕಣ್ಣು ಮುಚ್ಚಿ, ಶುದ್ಧ ಗಾಳಿಯನ್ನು ಸದ್ದು ಬರುವಂತೆ ಎದೆ ತುಂಬ ಎಳೆದುಕೊಳ್ಳುತ್ತಿದ್ದೆ. ಊರಿನವರು ಅದನ್ನು ನೋಡಿ ನನ್ನನ್ನು ಮೆಚ್ಚಿಕೊಳ್ಳುತ್ತಿದ್ದಾರೆ ಎಂದೇ ನಂಬಿದ್ದೆ.

"ಅಮ್ಮಾ, ನಂಗೇನೂ ಕಾಯಿಲೆ ಇಲ್ಲ. ಇಲ್ಲಿನ ಗಾಳಿ ಚೆನ್ನಾಗಿದೆ ಅಂತ ಬಂದೆ" ಎಂದೆ.

ಪುಟ್ಟಮ್ಮ ಮರುಕದಿಂದ ನೋಡಿದರು. "ಸುಮ್ಕಿರಪ್ಪ, ಮುಚ್ಚಿಡಬ್ಯಾಡ. ಡಾಕ್ಟ್ರು ಏಳ್ದೆ ಇದ್ರೆ ದಿನಾ ಅಷ್ಟು ದೂರ ಓಗಿ ಬರಾಕೆ ಯಾರ್ಗಾದ್ರೂ ತಲೆ ಕೆಟ್ಟದಾ?"

ನಾನು ತೆಂಗಿನಕಾಯಿ ಹೋಳನ್ನು ಕಣ್ಣಿಗೊತ್ತಿಕೊಂಡೆ. ಮಂಡಿನೋವಿದ್ದರೂ ಅವರು ಬಸ್ಸು ಬದಲಿಸಿ ಬದಲಿಸಿ ಮುತ್ತತ್ತಿಗೆ ಹೋಗಿಬಂದಿದ್ದರೆಂದು ಅವರ ಸೊಸೆ ಆಮೇಲೆ ಹೇಳಿದಳು.

ಈಗಲೂ ಎದುರಾದಾಗಲೆಲ್ಲ ಪುಟ್ಟಮ್ಮ "ಎಂಗದಪ್ಪ ಈಗ?" ಎಂದು ವಿಚಾರಿಸುತ್ತಾರೆ. "ಎಷ್ಟೋ ವಾಸಿ ಅಮ್ಮಾ" ಎನ್ನುತ್ತೇನೆ. ಮೊದಮೊದಲು ಸುಳ್ಳು ಹೇಳುತ್ತಿದ್ದೇನೆ ಎಂದು ನಾಚಿಕೆಯಾಗುತ್ತಿತ್ತು. ಈಚೆಗೆ ಅದು ಸುಳ್ಳು ಅನ್ನಿಸುತ್ತಿಲ್ಲ.