ಒಂಬತ್ತನೇ ನಿಯಮ ಮತ್ತು ನಾಲ್ಕು ಮರಿಗಳು

ನಮ್ಮನೆಯವರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್‌ಸ್ಪೆಕ್ಟರಾಗಿದ್ದವರು. ನಿವೃತ್ತರಾಗಿ ಆರು ವರ್ಷವಾದರೂ ಕೈ ಸುಮ್ಮನಿರುವುದಿಲ್ಲ. ಸಕ್ಕರೆ ಡಬ್ಬಿಯ ಮಟ್ಟ ನೋಡುತ್ತಾರೆ, ಗೋಡೆ ಗಡಿಯಾರ ಅರ್ಧ ನಿಮಿಷ ಮುಂದೆ ಓಡಿದರೆ ಕುರ್ಚಿ ಹತ್ತುತ್ತಾರೆ. ಮಹಡಿ ಮನೆಯನ್ನು ಬಾಡಿಗೆಗೆ ಕೊಡುವಾಗ ಹದಿನಾಲ್ಕು ನಿಯಮಗಳ ಕರಾರುಪತ್ರವನ್ನು ಕೈಯಾರೆ ಬರೆದರು. ಅದರಲ್ಲಿ ಒಂಬತ್ತನೆಯದು ಹೀಗಿತ್ತು: “ಬಾಡಿಗೆದಾರರು ನಾಯಿ, ಬೆಕ್ಕು, ಹಕ್ಕಿಗಳನ್ನಾಗಲಿ, ಯಾವುದೇ ಮರಿಗಳನ್ನಾಗಲಿ ಸಾಕತಕ್ಕದ್ದಲ್ಲ.” ಬಟ್ಟೆ ಒಣಹಾಕುವ ಹಗ್ಗದ ಉದ್ದಕ್ಕೂ ಒಂದು ನಿಯಮವಿತ್ತು. ಗಿಡಗಳ ಬಗ್ಗೆ ಮಾತ್ರ ಒಂದಕ್ಷರವೂ ಇರಲಿಲ್ಲ. ಪಾಪ, ಅದು ಅವರಿಗೆ ಹೊಳೆದಿರಲಿಲ್ಲ.

ಆ ಸಂದಿಯಲ್ಲಿ ನುಸುಳಿ ಬಂದವಳೇ ಸಿಸ್ಟರ್. ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತು ವರ್ಷದಿಂದ ನರ್ಸು, ಒಂಟಿ ಜೀವ. ಒಂದು ಮಂಚ, ಒಂದು ಟ್ರಂಕು ಮತ್ತು ನಲವತ್ತಮೂರು ಕುಂಡಗಳ ಸಮೇತ ಲಾರಿಯಿಂದ ಇಳಿದಳು. ನಮ್ಮನೆಯವರು ಬಾಗಿಲಲ್ಲೇ ಕರಾರುಪತ್ರ ಬಿಚ್ಚಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರು. ಕುಂಡ ಬೇಡ ಅನ್ನಲು ಒಂದು ನಿಯಮವೂ ಸಿಗಲಿಲ್ಲ. ಎರಡು ವರ್ಷದಲ್ಲಿ ನಲವತ್ತಮೂರು ಎಪ್ಪತ್ತಾಯಿತು.

ಅವಳ ನಾಲಿಗೆಗೆ ಆಸ್ಪತ್ರೆಯ ಮಾತು ಬಿಟ್ಟು ಬೇರೆ ಬರುವುದೇ ಇಲ್ಲ. ಬೇರು ಕುಂಡದ ತುಂಬ ಹರಡಿ ಅಡಿಯ ತೂತಿನಿಂದ ಇಣುಕಿದರೆ ಗಿಡಕ್ಕೆ ‘ದಿನ ತುಂಬಿದೆ’. ಕುಂಡವನ್ನು ಬೋರಲು ಹಿಡಿದು, ಅಂಚನ್ನು ಕಟ್ಟೆಗೆ ಮೆಲ್ಲಗೆ ತಟ್ಟಿ, ಮಣ್ಣಿನ ಸಮೇತ ಗಿಡ ಕೈಗಿಳಿದರೆ ‘ಸುಸೂತ್ರ ಆಯ್ತು’. ಬೇರು ಗಂಟುಬಿದ್ದು ಚಾಕು ಹಾಕಬೇಕಾಗಿ ಬಂದರೆ ‘ಆಪರೇಷನ್’. ಬುಡದಲ್ಲಿ ಒಡೆದ ಮರಿಗಳನ್ನು ಬೇರೆ ಮಾಡಿದ ಮೇಲೆ ತಾಯಿ ಗಿಡ ಬಾಣಂತಿ. ಅದಕ್ಕೆ ಬಿಸಿಲು ತೋರಿಸುವಂತಿಲ್ಲ, ಮೇಲಿಂದ ಮೇಲೆ ನೀರು ಸುರಿಯುವಂತಿಲ್ಲ. ಬೇಸಿಗೆಯಲ್ಲಿ ಹಳೆಯ ಬೆಡ್‌ಶೀಟು ಕಟ್ಟಿ ನೆರಳು ಮಾಡುತ್ತಾಳೆ. ಚಳಿಗಾಲದಲ್ಲಿ “ಮಲಗಿದಾವೆ, ಎಬ್ಬಿಸ್ಬೇಡಿ ಅಕ್ಕಾ” ಎಂದು ನನ್ನ ಕೈಯಿಂದ ನೀರಿನ ಚೊಂಬು ಕಿತ್ತುಕೊಳ್ಳುತ್ತಾಳೆ. ಮೊದಲ ಮಳೆ ಬಿದ್ದ ವಾರ ಮಾತ್ರ ಮಹಡಿಯಲ್ಲಿ ಒಂದೇ ಗಡಿಬಿಡಿ, ಹೆರಿಗೆ ಮೇಲೆ ಹೆರಿಗೆ.

ನಮಗೆ ಮಕ್ಕಳಿಲ್ಲ. ಆ ಮಾತು ನಮ್ಮಿಬ್ಬರ ನಡುವೆ ನಿಂತುಹೋಗಿ ಎಷ್ಟೋ ಕಾಲವಾಯಿತು. ಹಾಗಾಗಿ ತಲೆಯ ಮೇಲೆ ಯಾರದೋ ಬಾಣಂತನ ನಡೆಯುತ್ತಿದ್ದರೆ ನನಗೆ ಖುಷಿಯೋ ಖುಷಿ. ಅವಳು ಕೊಟ್ಟ ಮರಿಗಳು ನನ್ನ ಅಡುಗೆಮನೆ ಕಿಟಕಿ ತುಂಬಿ, ಹಿತ್ತಿಲ ಮೆಟ್ಟಿಲಿಗೆ ಇಳಿದು, ಕೊನೆಗೆ ಒಂದು ಲೋಳೆಸರದ ಮರಿ ನಮ್ಮನೆಯವರ ಮೇಜನ್ನೂ ಏರಿತು. ಬಾಡಿಗೆದಾರರಿಂದ ಹುಲ್ಲುಕಡ್ಡಿಯನ್ನೂ ಮುಟ್ಟಬಾರದು ಅನ್ನುವ ಮನುಷ್ಯ ಅವರು. ಅದಕ್ಕೇ ಅಂಗಡಿಯಿಂದ ತಂದೆ ಎಂದು ಸುಳ್ಳು ಹೇಳಿದ್ದೆ. ಒಂಬತ್ತು ದಿನಕ್ಕೊಮ್ಮೆ ಗಾಜಿನ ಅಳತೆ ಲೋಟದಲ್ಲಿ ಅಳೆದು ಅದಕ್ಕೆ ನೀರು ಹಾಕುತ್ತಿದ್ದರು.

ಹೋದ ವರ್ಷ ಮಳೆ ಶುರುವಾದ ಮರುದಿನ ಬೆಳಿಗ್ಗೆ ನಾನು ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಸಿಸ್ಟರ್ ಮಹಡಿಯಿಂದ ಬಗ್ಗಿ ಕೂಗಿದಳು.

“ಅಕ್ಕಾ, ಅಂತೂ ಆಯ್ತು! ನಾಲ್ಕು ಮರಿ!”

“ತಾಯಿ ಹೇಗಿದ್ದಾಳೆ?”

“ಸುಸ್ತಾಗಿದ್ದಾಳೆ ಪಾಪ. ಮಂಚದ ಪಕ್ಕ ನೆರಳಲ್ಲಿ ಇಟ್ಟಿದೀನಿ.”

ಒಳಗೆ ಪೇಪರು ಮಡಿಚಿದ ಸದ್ದಾಯಿತು. ನಮ್ಮನೆಯವರು ಬಾಗಿಲಿಗೆ ಬಂದು, “ಬೆಕ್ಕು ಸಾಕಿದಾಳಾ?” ಅಂದರು.

ಅಲ್ಲ ಕಣ್ರೀ, ಲೋಳೆಸರ, ಎಂದರೆ ಮುಗಿದುಹೋಗುತ್ತಿತ್ತು. ಆದರೆ ಹಿಂದಿನ ದಿನವಷ್ಟೇ ನನ್ನ ಸಾರಿನ ಸೌಟಿಗೆ ಎಷ್ಟು ಹಿಡಿಯುತ್ತದೆ ಎಂದು ಅಳೆದು, ನಾನು ಉಪ್ಪು ಹೆಚ್ಚು ಹಾಕುವುದಕ್ಕೆ ಸೌಟೇ ಕಾರಣ ಎಂದು ತೀರ್ಪು ಕೊಟ್ಟಿದ್ದರು. ನನಗೂ ಮೈ ಉರಿದಿತ್ತು. “ನನ್ನನ್ಯಾಕೆ ಕೇಳ್ತೀರಿ? ನೀವೇ ಇನ್‌ಸ್ಪೆಕ್ಟರು, ಪತ್ತೆ ಮಾಡಿ” ಎಂದು ಪಾತ್ರೆಗೆ ತಿರುಗಿಕೊಂಡೆ.

ಪತ್ತೆ ಶುರುವಾಯಿತು. ಮೆಟ್ಟಿಲ ಮೇಲೆ ಮೂಗು ಅರಳಿಸಿ ವಾಸನೆ ನೋಡಿದರು. ಮರುದಿನ ಬೆಳಿಗ್ಗೆ ಆರು ಗಂಟೆಗೆ ಮೆಟ್ಟಿಲ ತಿರುವಿನಲ್ಲಿ ಒಂದು ಬಟ್ಟಲು ಹಾಲಿಟ್ಟು, ಒಳಗೆ ಬಂದು ಗಡಿಯಾರದ ಮುಂದೆ ಕೂತರು. ಅವರು ಸ್ನಾನಕ್ಕೆ ಹೋದದ್ದೇ ತಡ, ನಾನು ಆ ಹಾಲನ್ನು ತಂದು ಕಾಫಿಗೆ ಸುರಿದುಕೊಂಡೆ.

“ನೂರು ಮಿಲಿಲೀಟರ್ ಇಟ್ಟಿದ್ದೆ,” ಅಂದರು ಖಾಲಿ ಬಟ್ಟಲು ಹಿಡಿದು ಬಂದು. “ಎಂಟು ಗಂಟೆಗೆ ಸೊನ್ನೆ! ತಾಯಿ ಬೆಕ್ಕೇ ಇರಬೇಕು. ಮರಿಗೆ ಇಷ್ಟು ಕುಡಿಯೋಕಾಗಲ್ಲ.”

“ಬಾಣಂತಿಗೆ ಹಸಿವು ಜಾಸ್ತಿ ಅಲ್ವಾ?” ಅಂದೆ. ಎರಡು ದಿನ ನನ್ನ ಕಾಫಿ ಬಲು ಗಟ್ಟಿಯಾಗಿತ್ತು.

ಮೂರನೇ ದಿನ ಕರಾರುಪತ್ರ ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು. ಇಂಥ ತಮಾಷೆ ಬಿಡುವುದುಂಟೇ? ನಾನೂ ಹಿಂದೆಯೇ ಹೋಗಿ, ತೆರೆದ ಬಾಗಿಲೊಳಗೆ ಕಾಣುವಂತೆ ತಿರುವಿನಲ್ಲಿ ನಿಂತೆ.

“ಸಿಸ್ಟರ್, ಮರಿಗಳೆಲ್ಲಿ?”

“ಅಯ್ಯೋ, ಅಕ್ಕ ಹೇಳಿದ್ರಾ? ಬನ್ನಿ ಸಾರ್. ನಿಮಗೂ ಒಂದು ಕೊಡೋಣ ಅಂತಿದ್ದೆ.”

“ನನಗೆ? ಬೆಕ್ಕಿನ ಮರೀನಾ?”

“ಬೆಕ್ಕಾ? ಯಾವ ಬೆಕ್ಕು ಸಾರ್?”

ನಮ್ಮನೆಯವರು ಮೊಣಕಾಲೂರಿ ಮಂಚದ ಕೆಳಗೆ ಇಣುಕಿದರು. ಮಂಚದ ಪಕ್ಕದಲ್ಲೇ, ಹಳೇ ಪೇಪರಿನ ಮೇಲೆ, ಬೇರಿನ ಗಾಯ ಒಣಗಲೆಂದು ಸಾಲಾಗಿ ಮಲಗಿಸಿದ್ದ ನಾಲ್ಕು ಲೋಳೆಸರದ ಮರಿಗಳಿದ್ದವು. ಅವರು ಅವನ್ನು ನೋಡಿದರು, ಅವಳನ್ನು ನೋಡಿದರು. ಅಷ್ಟು ಹೊತ್ತು ಸೆರಗು ಕಚ್ಚಿಕೊಂಡಿದ್ದ ನನಗೆ ಇನ್ನು ಆಗಲಿಲ್ಲ. ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕುಬಿಟ್ಟೆ.

ಅದೇ ನಾನು ಮಾಡಿದ ತಪ್ಪು. ನಗದೇ ಇದ್ದಿದ್ದರೆ “ಓಹೋ ಗಿಡಾನಾ” ಎಂದು ಇಳಿದು ಬರುತ್ತಿದ್ದರೋ ಏನೋ. ನನ್ನ ನಗು ಕೇಳಿ ಅವರ ಕಿವಿ ಕೆಂಪಾಯಿತು. ಕರಾರುಪತ್ರ ಬಿಚ್ಚಿದರು.

“ಒಂಬತ್ತನೇ ನಿಯಮ. ‘ಯಾವುದೇ ಮರಿಗಳನ್ನಾಗಲಿ.’ ಯಾವುದೇ ಅಂದ್ರೆ ಯಾವುದೇ. ನೀವೇ ಮರಿ ಅಂತ ಒಪ್ಕೊಂಡಿದೀರಿ. ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿ.”

“ಸಾರ್, ಇದು ಗಿಡ…”

“ಬರೆದದ್ದು ಬರೆದದ್ದೇ.”

ಒಂದು ದಿನದಲ್ಲಿ ಕೋಪ ಇಳಿಯುತ್ತದೆ ಎಂದುಕೊಂಡೆ. ಒಂದು ವಾರವಾದರೂ ಇಳಿಯಲಿಲ್ಲ. ಸಿಸ್ಟರ್ ಡ್ಯೂಟಿ ಮುಗಿಸಿ ಬೀದಿ ಬೀದಿ ಮನೆ ಹುಡುಕಿದಳು. ಎಲ್ಲರದೂ ಒಂದೇ ಮಾತು: ನೀವು ಬನ್ನಿ, ಕುಂಡ ಬೇಡ. ಕೊನೆಗೆ ಆಸ್ಪತ್ರೆಯ ಹಿಂದೆ ಒಂದು ಕೋಣೆ ಸಿಕ್ಕಿತು. ಇರುವುದು ಒಂದೇ ಕಿಟಕಿ, ಅದರ ಕಟ್ಟೆಯ ಮೇಲೆ ನಾಲ್ಕು ಕುಂಡ ಹಿಡಿದರೆ ಹೆಚ್ಚು. ಉಳಿದವನ್ನು ನಮ್ಮ ಗೇಟಿನ ಮುಂದೆ ಸಾಲಾಗಿಟ್ಟು, ಹೋಗಿ ಬರುವವರನ್ನೆಲ್ಲ ಕರೆದು ಕೊಡತೊಡಗಿದಳು. ಒಂದೊಂದಕ್ಕೂ ಬುದ್ಧಿಮಾತು ಬೇರೆ: ಇದಕ್ಕೆ ಬೆಳಗಿನ ಬಿಸಿಲು ಸಾಕು, ಇದನ್ನು ಎರಡು ವರ್ಷಕ್ಕೊಮ್ಮೆ ದೊಡ್ಡ ಕುಂಡಕ್ಕೆ ಹಾಕಿ, ಇದು ತುಂಬ ಹಟಮಾರಿ, ಬೈಯಬೇಡಿ. ನನಗೆ ಅನ್ನ ಸೇರಲಿಲ್ಲ. ನನ್ನ ಎರಡು ಲೋಟ ಕಾಫಿಗೆ ಅವಳ ಮನೆ ಹೋಗುತ್ತಿತ್ತು.

“ಬೆಕ್ಕಿಗೆ ಅಂತ ಅವರು ಮೆಟ್ಟಿಲಲ್ಲಿಟ್ಟ ಹಾಲು ಕುಡಿದಿದ್ದು ನಾನೇ ಕಣೇ” ಎಂದು ಅವಳ ಮುಂದೆ ಅತ್ತೆ.

ಸಿಸ್ಟರ್ ಮಣ್ಣು ಮೆತ್ತಿದ ಕೈಯನ್ನು ಹಾಗೇ ಎತ್ತಿ ಹಿಡಿದು ನನ್ನನ್ನೇ ನೋಡಿದಳು. “ಅಕ್ಕಾ, ಈ ವಯಸ್ಸಲ್ಲಿ!” ಎಂದು ನಕ್ಕಳು. ಆಮೇಲೆ ಅವಳ ಕಣ್ಣಲ್ಲೂ ನೀರು ಬಂತು. “ಸಾರ್‌ನ ಕುಣಿಸಿದ್ದಕ್ಕೆ ಬೇಜಾರಿಲ್ಲ. ನಗಬಾರದಿತ್ತು ನೀವು. ಗಂಡಸರು ನೋವು ತಡ್ಕೋತಾರೆ, ನಗು ತಡ್ಕೊಳಲ್ಲ. ಮೂವತ್ತು ವರ್ಷ ಕಾರಿಡಾರಲ್ಲಿ ನೋಡಿದೀನಿ.”

ನಾನು ಸೀದಾ ಒಳಗೆ ಬಂದೆ. ಅಡುಗೆಮನೆಯ ಕುಂಡಗಳನ್ನೂ ಹಿತ್ತಿಲಿನವನ್ನೂ ತಂದು ನಮ್ಮನೆಯವರ ಕಾಲ ಬಳಿ ಜೋಡಿಸಿದೆ. ಹನ್ನೊಂದು ಕುಂಡವಾಯಿತು. ಹನ್ನೆರಡನೆಯದಕ್ಕೆ ಅವರ ಮೇಜಿಗೆ ಕೈ ಹಾಕಿದೆ.

“ಅದ್ಯಾಕೆ?” ಅಂದರು.

“ಇದೂ ಮರೀನೇ. ಇವೆಲ್ಲಾ ಮೇಲಿನವಳು ಕೊಟ್ಟಿದ್ದೇ. ನಿಮ್ಮ ನಿಯಮ ನಿಮ್ಮ ಮೇಜಿನ ಮೇಲೇ ಮುರಿದಿದೆ.”

“ಅಂಗಡೀದು ಅಂದಿದ್ದೆ ನೀನು!”

“ಸುಳ್ಳು ಹೇಳಿದ್ದೆ. ಹಾಲು ಕುಡಿದ ಬೆಕ್ಕೂ ನಾನೇ. ತಪ್ಪು ನಂದು, ಬೇಕಾದಷ್ಟು ಬೈರಿ. ಆದ್ರೆ ಅವಳು ಖಾಲಿ ಮಾಡೋದಾದ್ರೆ ಇದೂ ಖಾಲಿ ಆಗಬೇಕು. ಕೊಡಿ ಇಲ್ಲಿ.”

ನಾನು ಕುಂಡ ಎಳೆದೆ. ಅವರು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು, ಬಿಡಲೇ ಇಲ್ಲ. ಬೈಯಲೂ ಇಲ್ಲ.

“ಬಂದಾಗ ಐದು ಎಲೆ ಇತ್ತು ಕಣೇ,” ಅಂದರು ಸಣ್ಣ ದನಿಯಲ್ಲಿ. “ಈಗ ಹದಿನೇಳು.”

ನಾನು ಕೈ ತೆಗೆದೆ. ಅವರು ಕುಂಡವನ್ನು ಮತ್ತೆ ಮೇಜಿನ ಮೇಲಿಟ್ಟು, ಪೆನ್ನು ಹುಡುಕಿ, ಕರಾರುಪತ್ರದ ಒಂಬತ್ತನೇ ನಿಯಮದಲ್ಲಿ ‘ಯಾವುದೇ’ ಆದಮೇಲೆ ಒಂದು ಗುರುತು ಹಾಕಿ, ಮೇಲೆ ಒಂದೇ ಒಂದು ಪದ ಸೇರಿಸಿದರು: ‘ಕಾಲುಳ್ಳ’. ಪಕ್ಕದಲ್ಲಿ ಸಹಿ, ತಾರೀಕು. ಅದನ್ನು ಹಿಡಿದು ಗೇಟಿನ ಬಳಿ ಹೋಗಿ, “ತಿದ್ದುಪಡಿ. ಇಲ್ಲೊಂದು ಸಹಿ ಹಾಕಿ ಸಿಸ್ಟರ್” ಅಂದರು. ಅವಳು ಓದಿ ತುಟಿ ಬಿಗಿಹಿಡಿದು ಸಹಿ ಹಾಕಿದಳು, ನಗಲಿಲ್ಲ. ಆಮೇಲೆ ಕೊಟ್ಟ ಕುಂಡಗಳನ್ನು ಮನೆಮನೆಗೆ ಹೋಗಿ ವಾಪಸು ಕೇಳುವ ಕೆಲಸ ಅವರದೇ ಆಯಿತು. ಪಟ್ಟಿ ಮಾಡಿಕೊಂಡು ಹೋದರು. ಎಲ್ಲ ಬಂದವು, ಹಟಮಾರಿಯೊಂದನ್ನು ಬಿಟ್ಟು. ಆ ಮನೆಯವರು ಅದನ್ನು ಬಿಟ್ಟುಕೊಡಲಿಲ್ಲ.

ಈ ವರ್ಷ ಚಳಿಗಾಲವೆಲ್ಲ ಅವರ ಲೋಳೆಸರ ಹಾಗೇ ಇತ್ತು. ಬೇಸಿಗೆ ಕಳೆಯುವ ಹೊತ್ತಿಗೆ ಬುಡ ಉಬ್ಬಿ, ಕುಂಡದ ಅಂಚಿನಲ್ಲಿ ಹಸಿರು ಮೊನೆಗಳು ಕಂಡವು. ದಿನಾ ಭೂತಗನ್ನಡಿ ಹಿಡಿದು ನೋಡುತ್ತಿದ್ದವರು ನನಗೆ ಮಾತ್ರ ಏನೂ ಹೇಳಲಿಲ್ಲ. ಮೊದಲ ಮಳೆ ಬಿದ್ದ ಮರುದಿನ ಕುಂಡವನ್ನು ಎದೆಗವಚಿಕೊಂಡು ಮೆಟ್ಟಿಲು ಹತ್ತಿದರು.

“ಸಿಸ್ಟರ್,” ದನಿ ತಗ್ಗಿಸಿ ಅಂದರು, “ನಮ್ಮದಕ್ಕೆ ದಿನ ತುಂಬಿದೆ ಅನ್ಸತ್ತೆ.”

ಅವಳು ಕುಂಡ ಎತ್ತಿ ಅಡಿಯ ತೂತು ನೋಡಿದಳು. “ಬೇರು ಗಂಟು ಬಿದ್ದಿದೆ. ಚಾಕು ಹಾಕ್ಬೇಕು.”

“ನಾನೂ ಒಳಗೆ ಬರ್ಲಾ?”

“ಗಂಡಸರು ಹೊರಗೆ!” ಎಂದು ಗದರಿ ಬಾಗಿಲು ಹಾಕಿಕೊಂಡಳು.

ನಾನು ಕೆಳಗಿನಿಂದ ನೋಡುತ್ತಿದ್ದೆ. ಮನುಷ್ಯ ಮಹಡಿಯ ಆ ಕೊನೆಯಿಂದ ಈ ಕೊನೆಗೆ ಕೈ ಹಿಂದೆ ಕಟ್ಟಿಕೊಂಡು ಓಡಾಡಿದ್ದೇ ಓಡಾಡಿದ್ದು. ಹನಿ ಬೀಳುತ್ತಿದ್ದರೂ ಕೆಳಗೆ ಇಳಿಯಲಿಲ್ಲ, ಒಮ್ಮೆಯೂ ಗಡಿಯಾರ ನೋಡಲಿಲ್ಲ. ನಗು ಬಂತು. ಈ ಸಲ ಸೆರಗನ್ನು ಬಿಗಿಯಾಗಿ ಕಚ್ಚಿಕೊಂಡೆ.

ಬಾಗಿಲು ತೆರೆಯಿತು. ಸಿಸ್ಟರ್ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

“ಮೂರು ಸಾರ್. ಮೂರೂ ಚೆನ್ನಾಗಿವೆ.”

ಎಷ್ಟುದ್ದ, ಎಷ್ಟು ತೂಕ ಎಂದು ಕೇಳುತ್ತಾರೆಂದುಕೊಂಡೆ.

“ತಾಯಿ ಹೇಗಿದ್ದಾಳೆ?” ಅಂದರು ನಮ್ಮನೆಯವರು.