ತಿರುಗಿ ನೋಡಬಾರದು

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ತೋಟದಲ್ಲಿ ಒಬ್ಬಾಕೆ ನಾಯಿಮರಿಯ ಬಾಯಿಗೆ ಬೆರಳು ಹಾಕಿ ಏನನ್ನೋ ಕೀಳುತ್ತಿದ್ದರು. ನನಗೆ ಕರಿಯ ನೆನಪಾದ.

ದಾಸರಹಳ್ಳಿಯಲ್ಲಿ ಇನ್ನೂ ಹಿತ್ತಿಲುಗಳಿದ್ದ ಕಾಲ. ನಮ್ಮ ನಾಯಿಮರಿ ಕರಿಯ ಕೋಳಿ ಹಿಕ್ಕೆ, ಎರೆಹುಳು, ಅಜ್ಜ ಉಗಿದ ಎಲೆಅಡಿಕೆ, ಯಾವುದನ್ನೂ ಬಿಡುತ್ತಿರಲಿಲ್ಲ. ಕಾಯುವ ಕೆಲಸ ನನ್ನದು. ಒಂದನ್ನು ಬಾಯಿಂದ ಕಿತ್ತು ಬಿಸಾಡುವಷ್ಟರಲ್ಲಿ ಇನ್ನೊಂದನ್ನು ನುಂಗಿರುತ್ತಿದ್ದ. ಒಂದು ದಿನ ವಾಂತಿ ಮಾಡಿಕೊಂಡು, ಕರೆದರೂ ಏಳದೆ ಮಲಗಿಬಿಟ್ಟ. ನಾನು ಅಳತೊಡಗಿದೆ.

"ಗುಂಡುಗುಂಡಾಗೈತಲ್ಲ, ಯಾರ್ದೋ ಕಣ್ಣು ಬಿದ್ದೈತೆ ಕಣಮ್ಮಿ," ಎಂದಳು ಅಜ್ಜಿ. ಅನ್ನಕ್ಕೆ ಕುಂಕುಮ ಕಲಸಿ ಉಂಡೆ ಮಾಡಿ, ಕರಿಯನಿಗೆ ಮೂರು ಸಲ ನಿವಾಳಿಸಿ, ಬೇಲಿಯ ಮೂಲೆಗೆ ಎಸೆದಳು.

"ತಿರುಗಿ ನೋಡ್ದೆ ಬಾ. ನೋಡಿದ್ರೆ ದೃಷ್ಟಿ ವಾಪಸ್ ಬತ್ತೈತೆ."

ಇಬ್ಬರೂ ಕತ್ತು ಬಿಗಿಹಿಡಿದು ಮನೆಯತ್ತ ನಡೆದೆವು. ಹಿಂದಿನಿಂದ ಚಪ್ ಚಪ್ ಎಂದು ಸದ್ದು ಬಂತು.

"ಅಜ್ಜಿ, ಕರಿಯ ಉಂಡೇನ..."

"ಸುಮ್ಕೆ ನಡಿ!"

ಅಷ್ಟರಲ್ಲಿ ಕರಿಯ ಕೆಂಪು ಮೂತಿ ನೆಕ್ಕುತ್ತಾ ನಮ್ಮನ್ನು ದಾಟಿ ಓಡಿದ.

"ನೋಡ್ದಾ, ಎಸ್ದಿದ್ದೇ ತಡ, ಎದ್ದೋಡ್ತಾ ಐತೆ!" ಅಜ್ಜಿ ಬೀಗಿದಳು.

ಇವತ್ತು ತೋಟದಲ್ಲಿ ಆ ನಾಯಿಮರಿಯಾಕೆಯನ್ನು ದಾಟಿ ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಹಿಂದಿನಿಂದ ಅದೇ ಚಪ್ ಚಪ್, ಆಮೇಲೆ ಆಕೆಯ ಕಿರುಚಾಟ. ನಾನು ಮಾತ್ರ ತಿರುಗಿ ನೋಡಲಿಲ್ಲ.